ತಂಬಾಕಿನ ವಖಾರದ ಕಾನೂನು ಕಾಲೇಜು

ಮೊನ್ನೆ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ನಾನು ನಿವೃತ್ತಳಾದ ಕಾನೂನು ಕಾಲೇಜಿಗೇ ಹೊಸದಾಗಿ ಉಪನ್ಯಾಸಕಿಯಾಗಿ ಸೇರಿದವಳು. ಚಹಾದ ಕಪ್ಪು ಕೆಳಗಿಟ್ಟು, "ಮೇಡಂ, ಕಾನೂನು ಕಲಿಸೋ ಕೆಲಸ ಹೆಂಗಿರ್ತೈತ್ರಿ?" ಎಂದು ಕೇಳಿದಳು. ನನಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಾಪ, ಕೇಳಬಾರದ್ದೇನೋ ಕೇಳಿದೆನೆಂದು ಹೆದರಿ ಅವಳು ಎದ್ದೇ ನಿಂತಳು. ಕೈ ಹಿಡಿದು ಕೂರಿಸಿ, ನೆನಪಾದಷ್ಟು ಹೇಳಿದೆ. ಉಳಿದದ್ದನ್ನು ಬರೆದು ಕೊಡುತ್ತೇನೆ ಎಂದೆ. ಅದೇ ಇದು. ಬಡ್ತಿ, ವೇತನ, ರಜೆಯ ನಿಯಮಗಳನ್ನು ಆಫೀಸಿನವರು ಅವಳಿಗೆ ಹೇಳುತ್ತಾರೆ. ಎಮ್ಮೆಯ ವಿಷಯ ನಾನೇ ಹೇಳಬೇಕು.

ಕಾಲೇಜಿಗೆ ಸೇರುವ ಮೊದಲು ನಾನು ಅಥಣಿಯಲ್ಲಿ ವಕೀಲಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ, ಬೋರ್ಡು ಹಾಕಿಕೊಂಡು ಕೂತಿದ್ದೆ ಅನ್ನುವುದು ಸರಿ. ಬೋರ್ಡಿನ ಮೇಲೆ 'ಪದ್ಮಾವತಿ, ವಕೀಲರು' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಬಂದ ಕಕ್ಷಿದಾರ ಅದರ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಇಣುಕಿ, "ಬಾಯಾರ, ವಕೀಲಸಾಹೇಬ್ರು ಎಷ್ಟೊತ್ತಿಗೆ ಬರ್ತಾರ್ರಿ?" ಎನ್ನುತ್ತಿದ್ದ.

"ವಕೀಲರು ನಾನ ಅದೀನಿ. ಬರ್ರಿ, ಕೂಡ್ರಿ."

"ಹೌದ್ರಿ, ಅದು ಖರೇ. ಆದ್ರ ಸಾಹೇಬ್ರು ಎಷ್ಟೊತ್ತಿಗೆ ಬರ್ತಾರ?"

ಒಬ್ಬ ಮುದುಕ ಮಧ್ಯಾಹ್ನದ ತನಕ ಕಾದು, ನಾನು ಕೊಟ್ಟ ಚಹಾ ಕುಡಿದು, ತನ್ನ ಕೇಸಿನ ಕತೆಯನ್ನೆಲ್ಲ ನನಗೆ ಹೇಳಿ, ನಾನು ಕೊಟ್ಟ ಸಲಹೆಯನ್ನೂ ತಲೆಯಾಡಿಸುತ್ತ ಕೇಳಿ, ಹೊರಡುವಾಗ "ಸಾಹೇಬ್ರಿಗೆ ಬಂದು ಹೋದೆ ಅಂತ ಹೇಳ್ರಿ" ಎಂದು ಹೋದ. ಅಂದು ಸಂಜೆ ನನ್ನ ಯಜಮಾನರು ತಮಗೆ ನಿಪ್ಪಾಣಿಗೆ ವರ್ಗವಾಗಿದೆ ಎಂದು ಮುಖ ಸಣ್ಣದು ಮಾಡಿಕೊಂಡು ಹೇಳಿದಾಗ, ನಾನು ಎದ್ದು ಶಿರಾ ಮಾಡಿದೆ.

ಎಂಬತ್ತರ ದಶಕ ಆಗ ತಾನೇ ಸುರುವಾಗಿತ್ತು. ನಮ್ಮ ಕಡೆಯ ಹುಡುಗರು ಕಾನೂನು ಓದಬೇಕೆಂದರೆ ಬೆಳಗಾವಿಗೆ ಹೋಗಬೇಕು, ಇಲ್ಲಾ ಕೊಲ್ಲಾಪುರಕ್ಕೆ. ಮನೆ ಬಿಟ್ಟು ಹೋಗಲಾಗದವರು ಓದುವ ಆಸೆಯನ್ನೇ ಬಿಡಬೇಕು. ಅಂಥವರಿಗಾಗಿ ನಿಪ್ಪಾಣಿಯ ಕೆಲವು ವ್ಯಾಪಾರಸ್ಥರು ಸೇರಿ ಸಂಸ್ಥೆ ಕಟ್ಟಿ, ಖಾಸಗಿ ಕಾನೂನು ಕಾಲೇಜು ತೆರೆದಿದ್ದರು. ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಕಟ್ಟಡ ಮಾತ್ರ ಇರಲಿಲ್ಲ. ಸಂಸ್ಥೆಯವರಲ್ಲೇ ಒಬ್ಬರು ತಾವು ತಂಬಾಕು ತುಂಬಿಡುತ್ತಿದ್ದ ವಖಾರವನ್ನು ಖಾಲಿ ಮಾಡಿ ಕೊಟ್ಟರು. ತಂಬಾಕು ಹೋಯಿತು, ಘಾಟು ಹೋಗಲಿಲ್ಲ. ಗೋಡೆಯಲ್ಲಿ, ತೊಲೆಯಲ್ಲಿ, ಹಾಸುಗಲ್ಲಿನ ಸಂದಿಯಲ್ಲಿ, ಎಲ್ಲೆಲ್ಲೂ ಕೂತಿತ್ತು. ಗಾಳಿ ಬೀಸಿದಾಗ ಎದ್ದು ಬಂದು ಮೂಗಿಗೆ ಹತ್ತುತ್ತಿತ್ತು.

ನಮ್ಮ ಪ್ರಿನ್ಸಿಪಾಲರು ಇನಾಮದಾರ ಸಾಹೇಬರು, ನಿವೃತ್ತ ನ್ಯಾಯಾಧೀಶರು. ಅವರು ನನ್ನ ಸಂದರ್ಶನ ತೆಗೆದುಕೊಂಡದ್ದನ್ನು ಮರೆಯುವಂತಿಲ್ಲ. ನನ್ನ ಪದವಿ, ಅನುಭವ ಯಾವುದನ್ನೂ ಕೇಳಲಿಲ್ಲ.

"ಗಟ್ಟಿಯಾಗಿ ಮಾತಾಡ್ತೀರೇನು?"

"ಹೌದು ಸರ್."

"ಸೀನು ಬರ್ತದೇನು?"

"ಹಂಗೇನೂ ಇಲ್ಲ ಸರ್."

"ನಾಳಿಯಿಂದ ಬರ್ರಿ."

ಮರುದಿನ ಪಾಠಕ್ಕೆ ನಿಂತು 'ಕರಾರು ಎಂದರೇನು' ಎಂದು ಬಾಯಿ ತೆರೆದೆ ಅಷ್ಟೇ, ಸೀನು ಬಂತು. ನಾನು ಸೀನಿದ್ದು ಕೇಳಿ ಮುಂದಿನ ಸಾಲು ಸೀನಿತು. ಮುಂದಿನ ಸಾಲು ಕೇಳಿ ಹಿಂದಿನ ಸಾಲು. ಹೊರಗೆ ಹೋಗುತ್ತಿದ್ದ ಬೀಡಿ ಕಟ್ಟುವ ಹೆಂಗಸರು ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರಿಗೆ ಸೀನೇ ಬರುತ್ತಿರಲಿಲ್ಲ! ತಿಂಗಳೊಪ್ಪತ್ತಿನಲ್ಲಿ ನಮಗೂ ಅಭ್ಯಾಸವಾಯಿತು. ಆಮೇಲೆ ಹೊಸಬರು ಯಾರೇ ಬಂದರೂ ಸೀನಿನಿಂದಲೇ ಅವರನ್ನು ಗುರುತಿಸುತ್ತಿದ್ದೆವು.

ಇನಾಮದಾರ ಸಾಹೇಬರು ಕೋರ್ಟಿನಿಂದ ನಿವೃತ್ತರಾಗಿದ್ದರು, ಕೋರ್ಟು ಅವರಿಂದ ನಿವೃತ್ತವಾಗಿರಲಿಲ್ಲ. ಹಾಜರಿ ಕೂಗುವಾಗ ಕರಿ ಕೋಟು ಹಾಕಿಕೊಳ್ಳುತ್ತಿದ್ದರು. ಪಾಠ ಮುಗಿದರೆ "ಕೋರ್ಟು ಎದ್ದದ" ಎನ್ನುತ್ತಿದ್ದರು. ಉತ್ತರ ಬಾರದೆ ತಡವರಿಸುವ ವಿದ್ಯಾರ್ಥಿಗೆ "ಹೋಗ್ಲಿ, ಮುಂದಿನ ತಾರೀಖು ಕೊಡ್ತೀನಿ, ತಯಾರಾಗಿ ಬಾ" ಎಂದು ಖರೇನೇ ತಾರೀಖು ಹೇಳುತ್ತಿದ್ದರು, ಮತ್ತು ಆ ದಿನ ಮರೆಯದೆ ಎಬ್ಬಿಸುತ್ತಿದ್ದರು. ಬಿಗಿ ಮನುಷ್ಯ. ಆದರೆ ಒಂದು ಮಾತು: ಅವರ ಎದುರಿಗೆ ಯಾರ ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಎಷ್ಟು ತಪ್ಪು ಹೇಳಿದರೂ ಪೂರ್ತಿ ಕೇಳುತ್ತಿದ್ದರು. ಹೊಸದಾಗಿ ಕಲಿಸಲು ಬರುವವರು ಕಲಿಯಬೇಕಾದ ಗುಣ ಅದು.

ನಾನು ಮೊದಲು ಇಂಗ್ಲಿಷಿನಲ್ಲೇ ಪಾಠ ಮಾಡಿದೆ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆಹಾ, ಎಂಥ ಶ್ರದ್ಧೆ ಎಂದುಕೊಂಡೆ. ಆಮೇಲೆ ಪರೀಕ್ಷೆ ಇಟ್ಟೆ. ಒಬ್ಬ ಬರೆದಿದ್ದ: 'ಹೇಬಿಯಸ್ ಮತ್ತು ಕಾರ್ಪಸ್ ಇವರಿಬ್ಬರ ನಡುವಿನ ವ್ಯಾಜ್ಯದಲ್ಲಿ ನ್ಯಾಯಾಲಯವು ಹೇಬಿಯಸನ ಪರವಾಗಿ ತೀರ್ಪಿತ್ತಿತು.' ಸ್ಟಾಫ್ ರೂಮಿನಲ್ಲಿ ಇನಾಮದಾರ ಸಾಹೇಬರಿಗೆ ಓದಿ ತೋರಿಸಿದೆ. ಅವರು ನಗಲಿಲ್ಲ. "ಕಾರ್ಪಸ್ ಅಪೀಲು ಹೋಗಲಿಲ್ಲೇನು?" ಎಂದು ಕೇಳಿ ಎದ್ದು ಹೋದರು. ನಾನೊಬ್ಬಳೇ ಬೆಂಚು ಹಿಡಿದುಕೊಂಡು ನಕ್ಕೆ.

ಮರುದಿನ ತರಗತಿಯಲ್ಲಿ, "ನಿಮಗ ಹೆಂಗ ಹೇಳಿದ್ರ ತಿಳೀತೈತಿ?" ಎಂದು ಕೇಳಿದೆ. "ಕನ್ನಡದಾಗ ಹೇಳ್ರಿ" ಎಂದರು ಅರ್ಧ ಮಂದಿ. "ಮರಾಠೀತ ಸಾಂಗಾ" ಎಂದರು ಇನ್ನರ್ಧ. ಹಿಂದಿನಿಂದ ಒಂದು ಗಡಸು ದನಿ, "ಯಾವುದರಾಗರೆ ಹೇಳ್ರಿ ಮೇಡಂ, ಸಂತಿಯಾಗಿನ ಉದಾಹರಣಿ ಕೊಡ್ರಿ" ಎಂದಿತು.

ಆ ದನಿ ಅಪ್ಪಾಸಾಹೇಬನದು. ಅಕ್ಕೋಳದ ಜೈನ ರೈತ. ನಡುವಯಸ್ಸು ದಾಟಿದ್ದ, ತಲೆಗೆ ಗಾಂಧಿ ಟೋಪಿ. ವಿದ್ಯಾರ್ಥಿಗಳೆಲ್ಲ ಅವನಿಗೆ ಕಾಕಾ ಎನ್ನುತ್ತಿದ್ದರು. ಹಿಂದೆಂದೋ ಪದವಿ ಮುಗಿಸಿ ಹೊಲ ಹಿಡಿದವನು ಈಗ ಕಾನೂನು ಓದಲು ಬಂದದ್ದೇಕೆ? ಚಿಕ್ಕೋಡಿಯ ಕೋರ್ಟಿನಲ್ಲಿ ಅವನದೊಂದು ಹೊಲದ ದಾವೆ ನಡೆದಿತ್ತು, ಚಿಕ್ಕಪ್ಪನ ಮಗನ ಮೇಲೆ. ಅವನ ವಕೀಲರು ಪ್ರತಿ ಸಲ "ನಿನಗ ತಿಳಿಯಂಗಿಲ್ಲ ಬಿಡು" ಎನ್ನುತ್ತಿದ್ದರಂತೆ. "ಒಮ್ಮೆ ಸಿಟ್ಟ ಬಂತ್ರಿ ಮೇಡಂ. ತಿಳಕೊಂಡ ಬಿಡೂಣು ಅಂತ ಫೀ ತುಂಬಿಬಿಟ್ನಿ" ಎಂದ.

ಮುಂದಿನ ಬೆಂಚಿನಲ್ಲಿ ಶಾಂತಾ ಕೂಡುತ್ತಿದ್ದಳು. ನಿಪ್ಪಾಣಿಯವಳೇ, ಬೀಡಿ ಕಟ್ಟುವವರ ಓಣಿಯಿಂದ ಬರುತ್ತಿದ್ದಳು. ಬೌದ್ಧ ಮನೆತನ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಅವಳಿಗೆ ಸಾಲಿಮಾಸ್ತರಿಕೆಯ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ಕಾನೂನು ಓದಲು ಬಂದಿದ್ದಳು. ಕೈಗೆ ಬಂದ ಸರಕಾರಿ ಕೆಲಸ ಬಿಟ್ಟದ್ದಕ್ಕೆ ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದ. "ಮಾತಾಡಂಗಿಲ್ರಿ ಮೇಡಂ, ಆದ್ರ ನಾ ಓದಾಕ ಕುಂತ್ರ ರೇಡಿಯೋ ಬಂದ್ ಮಾಡ್ತಾನ" ಎಂದಳು ಒಮ್ಮೆ, ನಗುತ್ತ.

ಅಪ್ಪಾಸಾಹೇಬನ ಮಾತು ಹಿಡಿದು ನಾನು ಸಂತೆಗೆ ಇಳಿದೆ. ಕರಾರಿನ ಕಾಯಿದೆಗೆ ಎಮ್ಮೆ, ಪಾಲುದಾರಿಕೆಗೆ ಕಬ್ಬಿನ ಗಾಣ, ಜಾಮೀನಿಗೆ ಬೀಗರು. ತರಗತಿ ಎದ್ದು ಕೂತಿತು. ವಾದ ಎಷ್ಟು ಜೋರಾಯಿತೆಂದರೆ ಪಕ್ಕದ ವಖಾರದ ಹಮಾಲರು ಊಟದ ಹೊತ್ತಿಗೆ ನಮ್ಮ ಕಿಟಕಿಗೆ ಬಂದು ನಿಲ್ಲತೊಡಗಿದರು.

ಹೀಗೆ ಸಂಭ್ರಮದಲ್ಲಿರುವಾಗ ವಿಶ್ವವಿದ್ಯಾಲಯದಿಂದ ಸುದ್ದಿ ಬಂತು. ನಮಗಿದ್ದದ್ದು ತಾತ್ಕಾಲಿಕ ಮಾನ್ಯತೆ. ಪರಿಶೀಲನಾ ಸಮಿತಿ ಬಂದು ನೋಡಿ ಒಪ್ಪಿದರೆ ಮುಂದುವರಿಯುತ್ತದೆ, ಒಪ್ಪದಿದ್ದರೆ ನಮ್ಮ ಮೊದಲ ತಂಡ ಕೊನೆಯ ವರ್ಷದ ಪರೀಕ್ಷೆಗೇ ಕೂರುವಂತಿಲ್ಲ. ಓದಿದ ವರ್ಷಗಳೆಲ್ಲ ನೀರಿಗೆ ಹೋದ ಹಾಗೆ. ಶಾಂತಾ ಅಂದು ಪಾಠ ಮುಗಿದ ಮೇಲೂ ಬೆಂಚಿನಿಂದ ಏಳಲಿಲ್ಲ. "ಕೆಲಸಾನೂ ಹೋತು, ಇದೂ ಹೋದ್ರ ಮನಿಗೆ ಯಾವ ಮಾರಿ ತಗೊಂಡ ಹೋಗ್ಲಿ ಮೇಡಂ?" ಎಂದಳು. ಸಮಿತಿಯ ಅಧ್ಯಕ್ಷರು ಬಹಳ ಕಟ್ಟುನಿಟ್ಟು, ಹೋದಲ್ಲೆಲ್ಲ ತಪ್ಪು ಹುಡುಕುತ್ತಾರೆ ಎಂಬ ಸುದ್ದಿಯೂ ಅವರಿಗಿಂತ ಮೊದಲೇ ಬಂದು ಮುಟ್ಟಿತ್ತು.

ನಮ್ಮಲ್ಲಿ ತೋರಿಸಲು ಏನಿತ್ತು? ಗ್ರಂಥಾಲಯ ಎಂದರೆ ಎರಡು ಕಪಾಟು. ಕಟ್ಟಡ ಎಂದರೆ ಘಾಟು. ಕೊನೆಗೆ ಇನಾಮದಾರ ಸಾಹೇಬರೇ ಹೇಳಿದರು: "ಅಣಕು ನ್ಯಾಯಾಲಯ ಮಾಡೋಣ. ಹುಡುಗರು ವಾದ ಮಾಡೋದು ನೋಡಲಿ."

ವ್ಯಾಜ್ಯ ನಾನು ಬರೆದೆ. ಭೀಮಪ್ಪ ಎಂಬವನು ರಾಮಪ್ಪನಿಗೆ ಎಮ್ಮೆ ಮಾರುತ್ತಾನೆ, ಅದು ಒದೆಯುತ್ತದೆಂಬ ಖೋಡಿಯನ್ನು ಮುಚ್ಚಿಟ್ಟು. ಕರಾರು ರದ್ದಾಗಬೇಕೋ ಬೇಡವೋ? ಕೊಂಡವನ ಪರ ಅಪ್ಪಾಸಾಹೇಬ, ಮಾರಿದವನ ಪರ ಶಾಂತಾ. ಭೀಮಪ್ಪ, ರಾಮಪ್ಪನ ಪಾತ್ರಕ್ಕೆ ಇಬ್ಬರು ಹುಡುಗರು. ನ್ಯಾಯಾಧೀಶರು ಸ್ವತಃ ಇನಾಮದಾರ ಸಾಹೇಬರು. ಕೂಗುವ ಜವಾನನ ಪಾತ್ರ ಹಸನ್‌ಗೆ. ಹಸನ್ ನಮ್ಮ ವಿದ್ಯಾರ್ಥಿ, ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್. ಅವನ ದನಿಗೆ ಇಡೀ ಸ್ಟ್ಯಾಂಡೇ ತಿರುಗಿ ನೋಡುತ್ತಿತ್ತು.

ಸಮಿತಿಯವರು ಬಂದರು. ಬಂದವರೇ ಸೀನಿದರು. ಗಾಳಿಯಾಡಲಿ ಎಂದು ವಖಾರದ ದೊಡ್ಡ ಬಾಗಿಲುಗಳನ್ನೆಲ್ಲ ತೆರೆದಿಟ್ಟೆವು. ಅಂದು ಸಂತೆಯ ದಿನ ಎನ್ನುವುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಕರಿ ಕೋಟು, ಮೇಜು, ಕಟಕಟೆ ಕಂಡದ್ದೇ ತಡ, ಸಂತೆಯ ಮಂದಿ ಚೀಲ ಹಿಡಿದುಕೊಂಡು ಒಳಗೆ ಬಂದು ಗೋಡೆಗುಂಟ ನಿಂತರು. ಸಮಿತಿಯ ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ಕೂತಿದ್ದರು.

ಅಪ್ಪಾಸಾಹೇಬ ಎದ್ದು ಎಮ್ಮೆಯ ಕತೆಯನ್ನು ಸುರು ಮಾಡಿದ. ಕೊಂಡ ರಾಮಪ್ಪನ ಸಂಕಟ, ಚೆಲ್ಲಿದ ಹಾಲು, ಒದೆಸಿಕೊಂಡ ಕಾಲು, ಎಲ್ಲವನ್ನೂ ಕಣ್ಣಿಗೆ ಕಟ್ಟಿದ. ಆಮೇಲೆ ಪ್ರತಿವಾದಿಯನ್ನು ಕರೆಯಬೇಕು. ಹಸನ್‌ಗೆ ಭೀಮಪ್ಪನ ಹೆಸರು ಮರೆತುಹೋಯಿತು. ಕಂಡಕ್ಟರನಲ್ಲವೇ, ನಿಲ್ಲುವ ಪೈಕಿ ಅಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ:

"ಎಮ್ಮಿ ಮಾರಿದಾಂವ ಹಾಜರ್ ಹೈ?"

"ಅದೀನ್ರೀ!" ಎಂದು ಗೋಡೆಯ ಕಡೆಯಿಂದ ಉತ್ತರ ಬಂತು.

ತಲೆಗೆ ಪಟಗ ಸುತ್ತಿದ ಒಬ್ಬ ಮನುಷ್ಯ ಮಂದಿಯನ್ನು ತಳ್ಳಿಕೊಂಡು ಮುಂದೆ ಬಂದ. "ಸಿದ್ರಾಮ ಅಂತಾರ್ರಿ ನನಗ. ನೋಟೀಸ ಬರೂದ್ರೊಳಗ ಕೋರ್ಟ ಹಿಡದು ಬಿಟ್ಟೀರಲ್ರಿ ಸಾಹೇಬ್ರ! ಎಮ್ಮಿ ಮಾರೀನಿ, ಇಲ್ಲನ್ನಂಗಿಲ್ಲ. ಆದ್ರ ಅದು ನಮ್ಮ ಮನ್ಯಾಗ ಒಂದ ಸಲಾನೂ ಒದ್ದಿಲ್ರಿ!"

"ಒದ್ದಿಲ್ಲಂತ!" ಎಂದು ಇನ್ನೊಂದು ಮೂಲೆಯಿಂದ ಇನ್ನೊಬ್ಬ ಕುಂಟುತ್ತ ಬಂದ. ಸೀದಾ ಸಮಿತಿಯ ಎದುರು ನಿಂತು ಧೋತರ ಮೇಲೆತ್ತಿ, "ನನ್ನ ಮೊಣಕಾಲ ನೋಡ್ರಿ! ನೋಡ್ರಿ ಸಾಹೇಬ್ರ, ಬಾವು ಇನ್ನಾ ಇಳದಿಲ್ಲ!" ಎಂದ. ಇವನ ಹೆಸರು ಬಾಳು, ಸಿದ್ರಾಮನ ಎಮ್ಮೆ ಕೊಂಡವನು. ಅವರಿಬ್ಬರೂ ಬೆಳಗಿನಿಂದ ಸಂತೆಯಲ್ಲಿ ಅದೇ ಜಗಳದಲ್ಲಿದ್ದರಂತೆ. ಯಾರೋ, "ಅಲ್ಲಿ ವಖಾರದಾಗ ಎಮ್ಮಿ ಕೇಸ ನಡದೈತಿ" ಎಂದದ್ದು ಕೇಳಿ ಇಬ್ಬರೂ ಒಳಗೆ ನುಗ್ಗಿದ್ದರು.

ವೇದಿಕೆಗೆ ಹೋಗಿ ಇನಾಮದಾರ ಸಾಹೇಬರ ಕಿವಿಯಲ್ಲಿ, "ಸರ್, ಇವರು ನಮ್ಮ ಹುಡುಗರಲ್ಲ. ಖರೇ ಮಂದಿ" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಕೋರ್ಟಿನ ಮುಂದೆ ಬಂದಾರ. ಪ್ರಮಾಣ ಮಾಡಸ್ರಿ."

ಭೀಮಪ್ಪ, ರಾಮಪ್ಪನ ಪಾತ್ರದ ಹುಡುಗರು ಸದ್ದಿಲ್ಲದೆ ಹಿಂದೆ ಸರಿದರು. ಬಾಳು ಕಟಕಟೆ ಹತ್ತಿದ. ಶಾಂತಾ ನನ್ನ ಕಡೆ ನೋಡಿದಳು. ನಾನು ಆಗದು ಎಂದು ತಲೆಯಾಡಿಸಿದೆನೋ, ಆಗಲಿ ಎಂದು ಆಡಿಸಿದೆನೋ ನನಗೇ ಗೊತ್ತಿಲ್ಲ. ಅವಳು ಸೆರಗು ಬಿಗಿದುಕೊಂಡು ಎದ್ದು ನಿಂತಳು.

"ಎಮ್ಮಿ ಯಾವಾಗ ಒದೀತೈತ್ರಿ?"

"ಹಿಂಡಾಕ ಕುಂತ್ರ ಒದೀತೈತಿ ಬೇ. ಮತ್ಯಾವಾಗ?"

"ನಿಮ್ಮ ಮನ್ಯಾಗ ಯಾರು ಹಿಂಡ್ತಾರು?"

"ನಾನ."

"ಬ್ಯಾರೆ ಯಾರೂ ಇಲ್ಲ?"

"ನಮ್ಮಣ್ಣ ಒಂದ ದಿನ ಕುಂತಿದ್ದ. ಅವಗೂ ಬಿತ್ತು."

ಶಾಂತಾ ಸಿದ್ರಾಮನ ಕಡೆ ತಿರುಗಿದಳು. "ನಿಮ್ಮ ಮನ್ಯಾಗ ಯಾರು ಹಿಂಡತಿದ್ರು?"

"ನಮ್ಮವ್ವ ರೀ. ಅದು ಕರು ಇದ್ದಾಗಿಂದನೂ ಆಕೀನ ಮೇಯಿಸಿದ್ದು."

ವಖಾರದಲ್ಲಿ ಗುಸುಗುಸು ಎದ್ದಿತು. ಆಗ ಮುಂದಿನ ಕುರ್ಚಿಯಿಂದ ಸಮಿತಿಯ ಅಧ್ಯಕ್ಷರು ಕರವಸ್ತ್ರ ತೆಗೆದು ಎದ್ದು ನಿಂತು, "ಇವರ ಮನೆಯಲ್ಲಿ ಹೆಂಗಸರು ಯಾರಾದರೂ ಹಿಂಡಿ ನೋಡಿದ್ದಾರೋ, ಅದನ್ನು ಕೇಳಿ!" ಎಂದುಬಿಟ್ಟರು.

ಇನಾಮದಾರ ಸಾಹೇಬರು ಮೇಜು ಗುದ್ದಿದರು. "ಯಾರದು ನಡುವ ಮಾತಾಡೋರು? ಕೂಡ್ರಿ! ಇನ್ನೊಮ್ಮೆ ಬಾಯಿ ತೆರೆದ್ರ ಹೊರಗ ಹಾಕಸ್ತೀನಿ!"

ನಮ್ಮ ಕಾಲೇಜಿನ ಜೀವ ಯಾರ ಕೈಯಲ್ಲಿತ್ತೋ ಅವರನ್ನೇ ಹೊರಗೆ ಹಾಕಿಸುವ ಮಾತು! ಸಂಸ್ಥೆಯ ವ್ಯಾಪಾರಸ್ಥರೊಬ್ಬರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಅಧ್ಯಕ್ಷರು ತಲೆ ಬಾಗಿಸಿ, "ಕ್ಷಮೆಯಿರಲಿ ಮಹಾಸ್ವಾಮಿ" ಎಂದು ಕೂತರು. ಕೂತು, ಸೀನಿದರು.

"ಮಹಾಸ್ವಾಮಿ, ಅದ ಪ್ರಶ್ನಿ ನಾನೂ ಕೇಳೂದಿತ್ರಿ" ಎಂದಳು ಶಾಂತಾ. ನಗುತ್ತಿರಲಿಲ್ಲ. "ಬಾಳು ಅವರ, ನಿಮ್ಮ ಹೆಂಡ್ತಿ ಹಿಂಡಿ ನೋಡ್ಯಾರೇನ್ರಿ?"

"ಒದ್ದೀತಂತ ಕಳಿಸಿಲ್ರಿ ಆಕೀನ್ನ."

"ಮತ್ತ ಒದೀತೈತಿ ಅಂತ ಹೆಂಗ ಹೇಳ್ತೀರಿ? ಗಂಡಸರಿಗೆ ಒದೀತೈತಿ ಅಂತ ಹೇಳ್ರಿ!"

ಆಮೇಲಿನ ಗದ್ದಲವನ್ನು ನಾನು ಬರೆಯಲಾರೆ. ಹೆಂಗಸರು ಚಪ್ಪಾಳೆ ತಟ್ಟಿದರು, ಹಮಾಲರು ಸೀಟಿ ಹೊಡೆದರು, ಹಸನ್ "ಶಾಂತ್! ಶಾಂತ್!" ಎಂದು ಕೂಗಿ ಕೂಗಿ ಇನ್ನಷ್ಟು ಗದ್ದಲ ಮಾಡಿದ. ಎದುರು ಪಕ್ಷದ ವಕೀಲ ಅಪ್ಪಾಸಾಹೇಬ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ಕೂತ. ಗದ್ದಲ ಇಳಿದ ಮೇಲೆ ಇನಾಮದಾರ ಸಾಹೇಬರು ಹೇಳಿದರು: ಸಿದ್ರಾಮನ ತಾಯಿ ಬಾಳುನ ಮನೆಗೆ ಹೋಗಿ, ಅವನ ಹೆಂಡತಿಗೆ ಎಮ್ಮೆಯ ರೂಢಿ ಮಾಡಿಸಬೇಕು. ಆಮೇಲೂ ಒದ್ದರೆ ಎಮ್ಮೆ ವಾಪಸು. "ಇಬ್ಬರಿಗೂ ಒಪ್ಪಿಗಿ ಅದ ಏನು?" ಇಬ್ಬರೂ ಒಪ್ಪಿ, ಜೊತೆಗೇ ಹೊರಗೆ ಹೋದರು, ಯಾವ ಬಸ್ಸಿಗೆ ಮುದುಕಿಯನ್ನು ಕರೆದುಕೊಂಡು ಬರುವುದೆಂದು ಮಾತಾಡಿಕೊಳ್ಳುತ್ತ.

ಸಮಿತಿಯವರಿಗೆ ಚಹಾ ಕೊಟ್ಟೆವು. ಅಧ್ಯಕ್ಷರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, "ತಾಲೀಮು ಬಹಳ ಚೆನ್ನಾಗಿ ಮಾಡಿಸಿದ್ದೀರಿ" ಎಂದರು. "ಆ ಮೊಣಕಾಲಿನವನು ಯಾವ ವರ್ಷದ ವಿದ್ಯಾರ್ಥಿ? ಬಾವು ತೀರಾ ಸಹಜವಾಗಿತ್ತು."

ಯಾವುದೋ ಒಂದು ವರ್ಷ ಹೇಳಿಬಿಟ್ಟಿದ್ದರೆ ಆಗಿತ್ತು. ಸಂಸ್ಥೆಯವರೆಲ್ಲ ಪ್ರಿನ್ಸಿಪಾಲರ ಮುಖವನ್ನೇ ನೋಡುತ್ತಿದ್ದರು. ಇನಾಮದಾರ ಸಾಹೇಬರು ಬಟ್ಟಲು ಕೆಳಗಿಟ್ಟರು.

"ಅವರು ವಿದ್ಯಾರ್ಥಿಗಳಲ್ಲ. ಸಂತಿಗೆ ಬಂದವರು. ತಾವಾಗೇ ಕಟಕಟಿ ಹತ್ತಿದರು. ಆ ಹುಡುಗಿಗೂ ಆ ಪ್ರಶ್ನಿ ಯಾರೂ ಹೇಳಿಕೊಟ್ಟಿದ್ದಲ್ಲ."

ಅಧ್ಯಕ್ಷರು ಬಸಿಯನ್ನು ತುಟಿಯಿಂದ ಇಳಿಸಿದರು. "ಹಾಗಾದರೆ ನನ್ನನ್ನು ಹೊರಗೆ ಹಾಕಿಸುತ್ತೇನೆ ಅಂದದ್ದು?"

"ಅದೂ ಖರೇನ" ಎಂದರು ಇನಾಮದಾರ ಸಾಹೇಬರು.

ಅಧ್ಯಕ್ಷರು ನಗತೊಡಗಿದರು. ನಗು ಸೀನಾಯಿತು, ಸೀನು ಮತ್ತೆ ನಗುವಾಯಿತು, ಬಸಿಯ ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. ಕೆಲವು ವಾರಗಳ ಮೇಲೆ ಮಾನ್ಯತೆ ಬಂತು. ಬೇಗ ಬೇರೆ ಕಟ್ಟಡಕ್ಕೆ ಹೋಗಬೇಕು, ಗ್ರಂಥಾಲಯ ಬೆಳೆಸಬೇಕು ಎಂಬ ಷರತ್ತು ಹಾಕಿದ್ದರು. ಅಂದು ಶಾಂತಾ ನನ್ನ ಎರಡೂ ಕೈ ಹಿಡಿದು ವಖಾರದ ನಡುವೆ ಗಿರಗಿರನೆ ತಿರುಗಿಸಿದಳು. ನನಗೂ ವಯಸ್ಸು ನೆನಪಾಗಲಿಲ್ಲ. ಅವಳ ಅಪ್ಪ ಮನೆಯಲ್ಲಿ ಮಾತು ಸುರು ಮಾಡಿದನಂತೆ. ಆಡಿದ ಮೊದಲ ಮಾತು: "ಸಂತ್ಯಾಗ ಎಲ್ಲಾರೂ ನೀ ಎಮ್ಮಿ ಗೆದ್ದಿ ಅಂತಾರಲ್ಲ, ಎಲ್ಲೈತಿ ಎಮ್ಮಿ?" ಬಾಳುನ ಎಮ್ಮೆ ಅವನ ಹೆಂಡತಿಗೆ ಒದೆಯಲಿಲ್ಲ. ಒಂದು ದಿನ ಅವನು ತಂಬಿಗೆ ತುಂಬ ಗಟ್ಟಿ ಮೊಸರು ತಂದು ಕೊಟ್ಟು ಹೋದ.

ಅಪ್ಪಾಸಾಹೇಬನ ವಿಷಯ ಹೇಳದೆ ಮುಂದೆ ಹೋಗಲಾರೆ. ಕೊನೆಯ ವರ್ಷದಲ್ಲಿ ಆಸ್ತಿ ಹಸ್ತಾಂತರದ ಪಾಠ ನಡೆದಾಗ ಅವನು ದಿನದಿನಕ್ಕೆ ಮೆತ್ತಗಾಗತೊಡಗಿದ. ಏನಾಯಿತೋ ಎಂದುಕೊಂಡೆ. ಪರೀಕ್ಷೆ ಪಾಸಾಗಿ, ವಕೀಲಿಯ ಸನದು ಸಿಕ್ಕಿ, ಪೇಢೆ ಹಿಡಿದುಕೊಂಡು ಮನೆಗೆ ಬಂದ. "ಇನ್ನೇನು, ನಿನ್ನ ದಾವೆ ನೀನ ನಡಸ್ತಿ?" ಎಂದೆ.

"ಎಲ್ಲೀದ್ ರೀ ಮೇಡಂ!" ಎಂದು ಹಣೆ ಒರೆಸಿಕೊಂಡ. "ಕಾಯ್ದೆ ಎಲ್ಲಾ ಓದಿ, ನನ್ನ ಕಾಗದ ತಿರುವಿ ತಿರುವಿ ನೋಡಿದ್ನಿ. ಹೊಲ ನಮ್ಮ ಚಿಕ್ಕಪ್ಪನ ಮಗ ತಮ್ಮಂದ ಐತ್ರಿ. ತಪ್ಪೆಲ್ಲಾ ನಂದ! ಇದನ್ನ ತಿಳಕೊಳ್ಳಾಕ ಇಷ್ಟ ವರ್ಷ ಕಲತ್ನಿ."

ನಾನು ಪೇಢೆ ಬಾಯಿಗಿಟ್ಟವಳು ಹಾಗೇ ಉಳಿದೆ. ಅವನು ಕರಿ ಕೋಟು ಹಾಕಿಕೊಂಡು ಮೊದಲ ಸಲ ಚಿಕ್ಕೋಡಿಯ ಕೋರ್ಟಿನಲ್ಲಿ ಎದ್ದು ನಿಂತದ್ದು ತನ್ನದೇ ದಾವೆಯನ್ನು ಹಿಂತೆಗೆದುಕೊಳ್ಳಲಿಕ್ಕೆ. ಎದುರು ನಿಂತಿದ್ದ ತಮ್ಮ, ಇದರಲ್ಲೇನೋ ಮೋಸವಿದೆ ಎಂದು ಹೆದರಿ, "ಬ್ಯಾಡ್ರಿ ಸಾಹೇಬ್ರ, ಅಣ್ಣ ಬಿಟ್ಟ ಕೊಟ್ರ ನಾ ಒಪ್ಪಂಗಿಲ್ಲ!" ಎಂದು ಕೂಗಿದನಂತೆ. ಕೋರ್ಟೆಲ್ಲ ನಕ್ಕಿತು. ಆದರೆ ಆ ವರ್ಷದೊಳಗೆ ಅಪ್ಪಾಸಾಹೇಬನ ಕಟ್ಟೆಯ ಮೇಲೆ ಕಕ್ಷಿದಾರರಿಗೆ ಕೂಡಲು ಜಾಗವಿರಲಿಲ್ಲ. ತನ್ನ ಕೇಸಿನಲ್ಲೇ ಸುಳ್ಳು ನಡೆಸದವನು ನಮಗೂ ಇದ್ದದ್ದು ಇದ್ದಂತೆ ಹೇಳುತ್ತಾನೆ ಎಂದು ರಾಯಬಾಗ, ಕಾಗವಾಡದಿಂದಲೂ ಮಂದಿ ಬಂದರು. ಮೊದಲು ಬಂದವನು ಆ ತಮ್ಮನೇ.

ತೊಂಬತ್ತರ ದಶಕದ ಹೊತ್ತಿಗೆ ನಮಗೆ ಸ್ವಂತ ಕಟ್ಟಡವಾಯಿತು. ಬಿಳಿ ಗೋಡೆ, ಫ್ಯಾನು, ಯಾರಿಗೂ ಸೀನಿಲ್ಲ. ಝೆರಾಕ್ಸ್ ಬಂತು. ಹುಡುಗರು ಬರೆದುಕೊಳ್ಳುವುದನ್ನು ಬಿಟ್ಟರು. ಕೊಲ್ಲಾಪುರದಿಂದ ತೆಳ್ಳಗಿನ ಗೈಡುಗಳು ಬಂದವು. ಒಂದು ಗೈಡಿನಲ್ಲಿದ್ದ ತಪ್ಪು ಉತ್ತರವನ್ನು ಇಡೀ ತರಗತಿ ಅಲ್ಪವಿರಾಮದ ಸಮೇತ ಒಂದೇ ರೀತಿ ಬರೆದಾಗ, ನಾನು ಗೈಡುಗಳನ್ನೇ ಪಾಠದ ಪುಸ್ತಕ ಮಾಡಿಕೊಂಡೆ. ದಿನಾ ಅದರೊಳಗಿನ ಒಂದು ತಪ್ಪು ಹುಡುಕಿ ತಂದವರು ಗೆದ್ದಂತೆ. ಹುಡುಗರು ಗೈಡನ್ನು ಸಂಶಯದಿಂದ ಓದತೊಡಗಿದರು. ಕಾನೂನು ಓದಬೇಕಾದದ್ದೇ ಹಾಗೆ.

ಇನಾಮದಾರ ಸಾಹೇಬರು ಹೊಸ ಕಟ್ಟಡದಲ್ಲಿ ಕೆಲವೇ ದಿನ ಇದ್ದರು. ಬೀಳ್ಕೊಡುಗೆಯಲ್ಲಿ ಎಲ್ಲರ ಭಾಷಣ ಪೂರ್ತಿ ಕೇಳಿ, ಎದ್ದು, "ಕೋರ್ಟು ಎದ್ದದ" ಎಂದಷ್ಟೇ ಹೇಳಿ ಮನೆಗೆ ಹೋದರು. ಶಾಂತಾ ಮದುವೆಯಾಗಿ ಅಥಣಿಗೆ ಹೋದಳು, ಅಲ್ಲೇ ವಕೀಲಿ ಹಿಡಿದಳು. ಅವಳ ಬೋರ್ಡಿನ ಕೆಳಗೆ ಹೆಂಗಸರ ಸಾಲೇ ನಿಲ್ಲುತ್ತದೆ ಎಂದು ಕೇಳಿ ನಾನು ಹಿಗ್ಗಿದೆ.

ದಶಕ ಮುಗಿಯುತ್ತ ಬಂದಾಗ ನಾನೂ ನಿವೃತ್ತಳಾದೆ. ಆಗಿ ಹೆಚ್ಚು ದಿನವಾಗಿರಲಿಲ್ಲ. ಮಂಗಸೂಳಿಯ ಮಲ್ಲಯ್ಯನ ದರ್ಶನ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಾಚೆ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಡ್ಡರಸ್ತೆಯಿಂದ ನುಗ್ಗಿ ಬಂದು ಮೋಟರ್ ಸೈಕಲ್ಲಿಗೆ ತಾಗಿತು. ಸವಾರನ ಕಾಲು ಮುರಿಯಿತು. ಕಣ್ಣಾರೆ ಕಂಡವಳೆಂದು ಪೊಲೀಸರಲ್ಲಿ ಹೆಸರು ಬರೆಸಿ ಬಂದೆ. ಅಥಣಿಯ ಕೋರ್ಟಿನಿಂದ ಸಮನ್ಸು ಬಂತು, ಸಾಕ್ಷಿ ಹೇಳಲಿಕ್ಕೆ.

ಹೋದೆ. ನೋಡುತ್ತೇನೆ, ಗಾಯಗೊಂಡ ಸವಾರನ ಪರ ಶಾಂತಾ! ಟ್ರ್ಯಾಕ್ಟರ್ ಮಾಲೀಕನ ಪರ ಚಿಕ್ಕೋಡಿಯಿಂದ ಬಂದ ಅಪ್ಪಾಸಾಹೇಬ! ಇಬ್ಬರೂ ನನ್ನನ್ನು ನೋಡಿ ಗುರುತಿಲ್ಲದವರಂತೆ ಮುಖ ಬಿಗಿ ಮಾಡಿಕೊಂಡರು. ಕೋರ್ಟಿನ ಮರ್ಯಾದೆ. ಆದರೆ ಅಪ್ಪಾಸಾಹೇಬನ ಮೀಸೆ ನಡುಗುತ್ತಿತ್ತು. ನ್ಯಾಯಾಧೀಶರು ಮೈಸೂರು ಕಡೆಯವರು, ಹೊಸದಾಗಿ ಬಂದವರು, ಇನ್ನೂ ಚಿಕ್ಕ ವಯಸ್ಸು.

ಶಾಂತಾ ಕೇಳಿದಳು, "ಅವತ್ತು ನೀವು ಏನು ನೋಡಿದ್ರಿ?"

ಇಷ್ಟು ವರ್ಷ ನಾನು ಬೇರೆಯವರಿಗೆ ಪ್ರಶ್ನೆ ಕೇಳಿದವಳು. ಕಟಕಟೆಯಲ್ಲಿ ನಿಂತದ್ದು ಅದೇ ಮೊದಲು. ಬಾಯಿಗೆ ಬ್ರೇಕೇ ಇಲ್ಲದಂತಾಯಿತು. "ಬಸ್ಸಿನಾಗ ಇದ್ದವರೆಲ್ಲ ಅಂದ್ರು, ಆ ಡ್ರೈವರ್ ದಿನಾ ಹಿಂಗ ಹೊಡೀತಾನಂತ..."

ಅಪ್ಪಾಸಾಹೇಬ ಎದ್ದ. "ಆಕ್ಷೇಪಣೆ ಐತ್ರಿ ಮಹಾಸ್ವಾಮಿ. ಮಂದಿ ಅಂದದ್ದು ಸಾಕ್ಷಿ ಅಲ್ಲ."

"ಸರಿ. ಅದನ್ನು ಹೊಡೆದುಹಾಕಿ" ಎಂದರು ನ್ಯಾಯಾಧೀಶರು.

"ಆತು ಬಿಡ್ರಿ. ಒಟ್ಟಿನಾಗ ತಪ್ಪು ಟ್ರ್ಯಾಕ್ಟರಿನವಂದ" ಎಂದೆ.

ಅಪ್ಪಾಸಾಹೇಬ ಮತ್ತೆ ಎದ್ದ. "ತಪ್ಪು ಯಾರದಂತ ಹೇಳೂದು ನ್ಯಾಯಾಲಯದ ಕೆಲಸ ರೀ. ಸಾಕ್ಷಿದಾರರದ್ದಲ್ಲ."

"ಸರಿ. ಅದನ್ನೂ ಹೊಡೆದುಹಾಕಿ."

ನನ್ನನ್ನು ಕರೆಸಿದ ಶಾಂತಾಳಿಗೇ ತಾಳ್ಮೆ ತಪ್ಪಿತು. "ಸಾಕ್ಷಿದಾರರು ಕಣ್ಣಿಲೆ ನೋಡಿದ್ದಷ್ಟ ಹೇಳಬೇಕ್ರಿ. ಕೇಳಿದ್ದು ಬ್ಯಾಡ, ಅನಿಸಿದ್ದೂ ಬ್ಯಾಡ" ಎಂದಳು, ಒಂದೊಂದೇ ಶಬ್ದ ಬಿಡಿಸಿ.

ನ್ಯಾಯಾಧೀಶರಿಗೆ ನನ್ನ ಮೇಲೆ ಕನಿಕರ ಬಂತು. ಎದುರಿನ ಕಾಗದದಲ್ಲಿ ನನ್ನ ವಿವರ ನೋಡಿದರು. ಅದರಲ್ಲಿ ಗುಮಾಸ್ತ ನನ್ನನ್ನು ಕೇಳದೆಯೇ 'ಉದ್ಯೋಗ: ಮನೆಗೆಲಸ' ಎಂದು ಬರೆದಿದ್ದ. "ನೋಡಿ ಅಮ್ಮ" ಎಂದು ಬಹಳ ಮೃದುವಾಗಿ ಸುರು ಮಾಡಿದರು. "ನಿಮಗೆ ಇದೆಲ್ಲ ಗೊತ್ತಿರುವುದಿಲ್ಲ, ತಪ್ಪು ತಿಳಿಯಬೇಡಿ. ಸಾಕ್ಷ್ಯ ಕಾಯಿದೆ ಅಂತ ಒಂದಿದೆ. ಅದರ ಪ್ರಕಾರ..." ಎಂದು ಕೇಳಿದ ಮಾತು ಯಾಕೆ ಸಾಕ್ಷಿಯಾಗುವುದಿಲ್ಲ, ಅಭಿಪ್ರಾಯ ಯಾಕೆ ಆಗುವುದಿಲ್ಲ ಎಂಬುದನ್ನು ಸಣ್ಣ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಬಿಡಿಸಿ ಹೇಳಿದರು. ಚೆನ್ನಾಗಿಯೇ ಹೇಳಿದರು. ನಾನು ಕೈಕಟ್ಟಿ ನಿಂತು ಪೂರ್ತಿ ಕೇಳಿದೆ. ಅಪ್ಪಾಸಾಹೇಬ ಕಡತದೊಳಗೆ ಮುಖ ಹುದುಗಿಸಿದ್ದ, ಅವನ ಭುಜ ಕುಣಿಯುತ್ತಿತ್ತು.

ಶಾಂತಾಳಿಂದ ತಡೆಯಲಾಗಲಿಲ್ಲ. "ಮಹಾಸ್ವಾಮಿ, ಸಾಕ್ಷಿದಾರರ ಉದ್ಯೋಗ ತಪ್ಪು ಬರೆದಾರ್ರಿ. ತಿದ್ದಬೇಕ್ರಿ."

"ಏನಂತ ಬರೆಯಬೇಕು?"

"ನಿವೃತ್ತ ಪ್ರಾಧ್ಯಾಪಕಿ ರೀ. ಕಾನೂನು ಕಾಲೇಜಿನಾಗ ಸಾಕ್ಷ್ಯ ಕಾಯಿದೆ ಕಲಿಸ್ತಿದ್ರು."

ನ್ಯಾಯಾಧೀಶರ ಕೈಯಲ್ಲಿದ್ದ ಪೆನ್ನು ನಿಂತಿತು. ನನ್ನನ್ನು ನೋಡಿದರು. "ಯಾರಿಗೆ?"

ಅಪ್ಪಾಸಾಹೇಬ ಕಡತ ಕೆಳಗಿಟ್ಟು, ಕಣ್ಣು ಒರೆಸಿಕೊಂಡು ಎದ್ದು ನಿಂತ. "ನಮಗ ರೀ ಮಹಾಸ್ವಾಮಿ. ಇಬ್ಬರಿಗೂ."

ಅವರು ಶಾಂತಾಳನ್ನು ನೋಡಿದರು, ಅಪ್ಪಾಸಾಹೇಬನನ್ನು ನೋಡಿದರು, ಹೊಡೆದುಹಾಕಿದ ನನ್ನ ಸಾಕ್ಷಿಯ ಸಾಲುಗಳನ್ನು ನೋಡಿದರು. ತುಟಿ ಕಚ್ಚಿ ಹಿಡಿದ ನಗು ಆ ಎಳೆಯ ಮುಖದ ತುಂಬ ಹರಡಿತು.

"ಚೆನ್ನಾಗಿ ಕಲಿಸಿದ್ದೀರಿ ಮೇಡಂ" ಎಂದರು.